ಸೋನೌಲಿ ದಾಟುವ ಕ್ಯಾಮೆರಾ: ನೇಪಾಳಕ್ಕೆ ಶೂಟಿಂಗಿಗೆ ಹೊರಟ ಸಣ್ಣ ತಂಡಗಳಿಗೆ

ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ. 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದ ಆದಾಗಿನಿಂದ ಎರಡೂ ಕಡೆಯ ಜನ ಓಡಾಡಿಕೊಂಡೇ ಇದ್ದಾರೆ. ಉತ್ತರಪ್ರದೇಶದ ಗೋರಖಪುರದಲ್ಲಿ ಜೀಪು ಹತ್ತಿ ಗಡಿಯ ಸೋನೌಲಿಯಲ್ಲಿ ಇಳಿದು, ಗೇಟಿನ ಕೆಳಗೆ ನಡೆದುಕೊಂಡು ಹೋದರೆ ಆಚೆ ನೇಪಾಳದ ಬೇಲಹಿಯಾ, ಭೈರಹವಾ ಊರಿನ ಗಡಿ ಬದಿ. ಸಣ್ಣ ಸಿನಿಮಾ ತಂಡಗಳು ಸಿಕ್ಕಿಬೀಳುವುದು ಈ ಸಲೀಸುತನ ನಂಬಿಕೊಂಡೇ. 'ನೇಪಾಳ ತಾನೇ, ಮಡಿಕೇರಿಗೆ ಹೋಗಿಬಂದ ಹಾಗೆ ಹೋಗಿಬರೋಣ' ಎಂದು ಹೊರಟುಬಿಡುತ್ತಾರೆ. ಗಡಿ ತೆರೆದಿರುವುದು ಮನುಷ್ಯರಿಗೆ. ಕ್ಯಾಮೆರಾ, ಲೆನ್ಸು, ಮೈಕುಗಳ ಮಟ್ಟಿಗೆ ಅದು ಬೇರೆ ಯಾವ ದೇಶದ ಗಡಿಗೂ ಕಡಿಮೆಯಲ್ಲ. ಅದರಲ್ಲೂ ಆಚೆ ಹೋಗುವಾಗಿನ ತಾಪತ್ರಯಕ್ಕಿಂತ ವಾಪಸ್ ಬರುವಾಗಿನದು ದೊಡ್ಡದು. ಹಾಗಾಗಿ ಕಾಗದಪತ್ರದ ಕೆಲಸವನ್ನು ವಾಪಸ್ ಬರುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು.

ಇಲ್ಲಿರುವ ಲೆಕ್ಕವೆಲ್ಲ ಏಳೆಂಟು ಜನರ ತಂಡಕ್ಕೆ: ಒಂದೆರಡು ಮಿರರ್‌ಲೆಸ್ ಅಥವಾ ಸಣ್ಣ ಸಿನಿಮಾ ಕ್ಯಾಮೆರಾ, ನಾಲ್ಕು ಲೆನ್ಸು, ಒಂದು ಸೌಂಡ್ ಕಿಟ್, ಟ್ರೈಪಾಡು, ಎರಡು ಎಲ್‌ಇಡಿ ಪ್ಯಾನೆಲು, ಹತ್ತು ಹನ್ನೆರಡು ದಿನದ ಶೂಟಿಂಗು. ಇದಕ್ಕಿಂತ ದೊಡ್ಡ ಯೂನಿಟ್ಟಾದರೆ ಮೊದಲ ದಿನದಿಂದಲೇ ಕಸ್ಟಮ್ಸ್ ಏಜೆಂಟರನ್ನು ಇಟ್ಟುಕೊಳ್ಳುವುದೇ ಸರಿ, ಈ ಬರಹ ಸಾಲದು.

ಯಾವ ಗೇಟು ಎಂಬುದನ್ನು ಲೊಕೇಶನ್ ತೀರ್ಮಾನಿಸುತ್ತದೆ. ಲುಂಬಿನಿ, ಪಾಲ್ಪಾ, ಪೋಖರಾ, ಮುಸ್ತಾಂಗ್ ಕಡೆ ಹೋಗುವವರಿಗೆ ಸೋನೌಲಿ–ಭೈರಹವಾ. ಕಾಠ್ಮಂಡು ಕಣಿವೆಗೆ ರಕ್ಸೌಲ್–ಬೀರ್‌ಗಂಜ್ ಕೂಡ ಆಗುತ್ತದೆ, ಆದರೆ ಅದು ಲಾರಿಗಳ ಗಡಿ. ನೇಪಾಳದ ಸರಕಿನ ಬಹುಪಾಲು ಅಲ್ಲೇ ಹರಿಯುವುದರಿಂದ ನಿಮ್ಮ ನಾಲ್ಕು ಪೆಟ್ಟಿಗೆಗಳನ್ನು ನೋಡಲು ಅಧಿಕಾರಿಗೆ ಪುರುಸೊತ್ತು ಸಿಗುವುದು ಕಷ್ಟ. ಇಲಾಮಿನ ಟೀ ತೋಟಗಳು ಬೇಕಿದ್ದರೆ ಪೂರ್ವದ ಪಾನಿಟಂಕಿ–ಕಾಕಡಭಿಟ್ಟ. ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಮೇಚಿ ನದಿಯ ಸೇತುವೆ ದಾಟಿದರಾಯಿತು. ಸೋನೌಲಿಗೆ ಹೋಗುವವರಿಗೆ ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ. ಥರ್ಡ್ ಎಸಿಯಲ್ಲಿ ತಲೆಗೆ 40 ಕಿಲೋ ಸಾಮಾನು ಉಚಿತ, ಸೆಕೆಂಡ್ ಎಸಿಯಲ್ಲಿ 50. ಏಳು ಜನಕ್ಕೆ 280 ಕಿಲೋ ಆಯಿತು, ಇಂಥ ತಂಡಕ್ಕೆ ಧಾರಾಳ. ಕ್ಯಾಮೆರಾ ಸಾಮಾನನ್ನು ಪಾರ್ಸೆಲ್ ವ್ಯಾನಿಗೆ ಮಾತ್ರ ಹಾಕಬೇಡಿ. ನೀವು ಇಳಿದ ರೈಲಿನಲ್ಲೇ ಅದೂ ಇಳಿಯುತ್ತದೆ ಎಂಬ ಖಾತ್ರಿ ಇಲ್ಲ. ಗೋರಖಪುರದಿಂದ ಸೋನೌಲಿಗೆ ಸುಮಾರು ನೂರು ಕಿಲೋಮೀಟರು.

ಪಟ್ಟಿ

ಗಡಿ ದಾಟುವುದೆಲ್ಲ ನಿಂತಿರುವುದು ಒಂದು ಹಾಳೆಯ ಮೇಲೆ, ಉಪಕರಣಗಳ ಪಟ್ಟಿ. ಇದೊಂದನ್ನು ಸರಿ ಮಾಡಿದವರಿಗೆ ಉಳಿದದ್ದೆಲ್ಲ ಬರೀ ಕಾಯುವ ಕೆಲಸ.

ಯುರೋಪ್, ಥಾಯ್ಲೆಂಡ್, ಶ್ರೀಲಂಕಾದಂಥ ಕಡೆಗೆ ಉಪಕರಣ ಒಯ್ದು ವಾಪಸ್ ತರಲು ಎಟಿಎ ಕಾರ್ನೆ ಎಂಬ ಅಂತರರಾಷ್ಟ್ರೀಯ ಕಸ್ಟಮ್ಸ್ ಪುಸ್ತಕ ಇದೆ. ನಮ್ಮಲ್ಲಿ ಅದನ್ನು ಕೊಡುವುದು ವಾಣಿಜ್ಯ ಮಂಡಳಿಗಳ ಒಕ್ಕೂಟವಾದ ಫಿಕ್ಕಿ, ಅವಧಿ ಒಂದು ವರ್ಷ. ನೇಪಾಳ ಆ ವ್ಯವಸ್ಥೆಯಲ್ಲಿಲ್ಲ. ಅಂದರೆ ಎರಡೂ ದೇಶಗಳ ಕಸ್ಟಮ್ಸಿನಲ್ಲಿ ಬೇರೆ ಬೇರೆ ಕಾಗದ ಮಾಡಿಸಬೇಕು, ಮತ್ತು ಆ ಎರಡರಲ್ಲೂ ಇರುವ ಪಟ್ಟಿ ಅಕ್ಷರಶಃ ಒಂದೇ ಆಗಿರಬೇಕು.

ಪಟ್ಟಿಯಲ್ಲಿ ಕ್ರಮಸಂಖ್ಯೆ, ವಸ್ತುವಿನ ಹೆಸರು, ಕಂಪನಿ ಮತ್ತು ಮಾಡೆಲ್, ಸೀರಿಯಲ್ ನಂಬರ್, ಎಷ್ಟು, ಯಾವ ದೇಶದಲ್ಲಿ ತಯಾರಾದದ್ದು, ಇವತ್ತಿನ ಬೆಲೆ, ಯಾವ ಪೆಟ್ಟಿಗೆಯಲ್ಲಿದೆ – ಇಷ್ಟೂ ಬೇಕು. ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಅಧಿಕಾರಿ '14ನೆಯದು ತೋರಿಸಿ' ಎಂದಾಗ ಎಲ್ಲ ಪೆಟ್ಟಿಗೆಗಳನ್ನೂ ರಸ್ತೆ ಮೇಲೆ ಬಿಚ್ಚಿಕೊಂಡು ಕೂರುವುದನ್ನು ಅದೇ ತಪ್ಪಿಸುತ್ತದೆ. ಕ್ಯಾಮೆರಾ ಬಾಡಿಯ ನಂಬರು ಸಾಮಾನ್ಯವಾಗಿ ತಳಭಾಗದಲ್ಲಿರುತ್ತದೆ. ಕೇಜ್, ಅಂದರೆ ಕ್ಯಾಮೆರಾ ಸುತ್ತಲಿನ ಲೋಹದ ಚೌಕಟ್ಟು ಹಾಕಿದರೆ ಮುಚ್ಚಿಹೋಗುತ್ತದೆ, ಆದ್ದರಿಂದ ಗಡಿ ದಾಟುವ ದಿನ ಕೇಜ್ ಬಿಚ್ಚಿಯೇ ಇಡಿ. ಲೆನ್ಸಿನ ನಂಬರು ಮೌಂಟಿನ ಹತ್ತಿರ ಅಥವಾ ಮುಂದಿನ ಉಂಗುರದ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪ್ರತಿ ನಂಬರನ್ನೂ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು, ಪಟ್ಟಿಯ ಕ್ರಮದಲ್ಲೇ ಪ್ರಿಂಟ್ ಹಾಕಿಸಿ ಜೊತೆಗೆ ಲಗತ್ತಿಸಿದರೆ ತಪಾಸಣೆ ಬೇಗ ಮುಗಿಯುತ್ತದೆ. ನಂಬರಿಲ್ಲದ ಕೇಬಲ್ಲು, ಕ್ಲಾಂಪು, ಮೆಮೊರಿ ಕಾರ್ಡುಗಳನ್ನು 'ಕೇಬಲ್ 12, ಕಾರ್ಡ್ 8' ಎಂದು ಗುಂಪಾಗಿ ಬರೆಯಿರಿ. ಗ್ಯಾಫರ್ ಟೇಪು, ಡ್ರೈ ಸೆಲ್ಲು, ಮೇಕಪ್ಪಿನಂಥ ಖರ್ಚಾಗುವ ಸಾಮಾನು ಈ ಪಟ್ಟಿಯಲ್ಲಿ ಬರಕೂಡದು. ಬರೆದರೆ ಅದನ್ನೂ ವಾಪಸ್ ತೋರಿಸಬೇಕಾಗುತ್ತದೆ.

ಬೆಲೆಯನ್ನು ಕಡಿಮೆ ಬರೆದು ಜಾಣತನ ಮಾಡಲು ಹೋಗಬೇಡಿ. ನೇಪಾಳದ ಕಸ್ಟಮ್ಸಿನಲ್ಲಿ ಠೇವಣಿ ಕಡಿಮೆಯಾದೀತೆಂಬ ಆಸೆಗೆ ಕೆಲವರು ನಾಲ್ಕು ಲಕ್ಷದ ಕ್ಯಾಮೆರಾಕ್ಕೆ ಅರವತ್ತು ಸಾವಿರ ಹಾಕುತ್ತಾರೆ. ಅಧಿಕಾರಿ ಅಲ್ಲೇ ಮೊಬೈಲಿನಲ್ಲಿ ಬೆಲೆ ನೋಡಿದರೆ ಪಟ್ಟಿಯ ಮೇಲಿನ ನಂಬಿಕೆಯೇ ಹೋಯಿತು, ಆಮೇಲೆ ಪ್ರತಿಯೊಂದನ್ನೂ ಅನುಮಾನದಿಂದಲೇ ನೋಡುತ್ತಾರೆ. ಕಳುವಾದರೆ ಇನ್ಶೂರೆನ್ಸಿನವರ ಕೈಗೂ ಅದೇ ಪಟ್ಟಿ ಹೋಗುತ್ತದೆ ಎಂಬುದೂ ನೆನಪಿರಲಿ.

ಅತಿ ಹೆಚ್ಚು ಕೆಡುವುದು ರೆಂಟಲ್ ಸಾಮಾನಿನಲ್ಲಿ. ಪಟ್ಟಿ ತಯಾರಾಗಿ, ಸಹಿ ಬಿದ್ದು, ಕಾಠ್ಮಂಡುವಿಗೂ ಹೋಗಿರುತ್ತದೆ. ಹೊರಡುವ ಹಿಂದಿನ ರಾತ್ರಿ ರೆಂಟಲ್‌ನವರು 'ಆ ಬಾಡಿ ಇನ್ನೊಂದು ಶೂಟಿಂಗಿನಿಂದ ಬಂದಿಲ್ಲ, ಅದೇ ಮಾಡೆಲ್ ಬೇರೆ ಪೀಸ್ ಕೊಡ್ತೀವಿ' ಎನ್ನುತ್ತಾರೆ. ಛಾಯಾಗ್ರಾಹಕರಿಗೆ ಎರಡೂ ಒಂದೇ. ಕಸ್ಟಮ್ಸಿಗೆ ಅದು ಬೇರೆಯೇ ವಸ್ತು. ಆದ್ದರಿಂದ ಬುಕಿಂಗ್ ಮಾಡುವಾಗಲೇ ಸೀರಿಯಲ್ ನಂಬರ್ ಸಮೇತ ಬರೆಸಿಕೊಳ್ಳಿ, ಬದಲಿ ಪೀಸಿನ ನಂಬರನ್ನೂ ಆಗಲೇ ತಿಳಿದುಕೊಳ್ಳಿ. ಜೊತೆಗೆ ರೆಂಟಲ್ ಮಾಲೀಕರಿಂದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬೇಕು: ಈ ಉಪಕರಣ ನಮ್ಮದು, ಇಂಥವರು ಇಂಥ ತಾರೀಕಿನವರೆಗೆ ನೇಪಾಳಕ್ಕೆ ಒಯ್ಯಲು ಒಪ್ಪಿದ್ದೇವೆ ಎಂದು. ಅವರ ಖರೀದಿ ಬಿಲ್ಲಿನ ನಕಲೂ ಇರಲಿ. ಅವರ ಇನ್ಶೂರೆನ್ಸ್ ಪಾಲಿಸಿಯಲ್ಲಿ ವ್ಯಾಪ್ತಿ ಎಂಬ ಸಾಲನ್ನು ಓದಿ. ಬಹಳ ಪಾಲಿಸಿಗಳು ಭಾರತದೊಳಗೆ ಮಾತ್ರ ಲಾಗೂ. ನೇಪಾಳವನ್ನು ಸೇರಿಸಿ ಎಂಡಾರ್ಸ್‌ಮೆಂಟ್ ಮಾಡಿಸದಿದ್ದರೆ ತ್ರಿಶೂಲಿ ನದಿಗೆ ಬಿದ್ದ ಕ್ಯಾಮೆರಾದ ದುಡ್ಡು ನಿಮ್ಮ ತಲೆ ಮೇಲೆಯೇ.

ಈ ಪಟ್ಟಿ ನಮ್ಮ ಕಡೆಯ ಕಸ್ಟಮ್ಸಿನಲ್ಲಿ ಏಕೆ ಬೇಕು? ಕಸ್ಟಮ್ಸ್ ಕಾಯ್ದೆ 1962ರ 20ನೇ ಕಲಮಿನ ಪ್ರಕಾರ ದೇಶದಿಂದ ಹೊರಗೆ ಹೋಗಿ ವಾಪಸ್ ಬಂದ ಸರಕನ್ನು ಆಮದಾದ ಸರಕಿನಂತೆಯೇ ನೋಡಬೇಕು. ವಾಪಸ್ ಬಂದ ಸರಕಿಗೆ ಸುಂಕದ ವಿನಾಯಿತಿ ಕೊಡುವುದು 2017ರ ಜೂನ್ 30ರ 45/2017ನೇ ಅಧಿಸೂಚನೆ. ಅದಕ್ಕೆ ಮುಖ್ಯ ಷರತ್ತು, ಹೋದದ್ದೂ ಬಂದದ್ದೂ ಅದೇ ವಸ್ತು ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ಹೋಗುವಾಗ ಯಾರಿಗೂ ಹೇಳದೆ ದಾಟಿದವರ ಕೈಯಲ್ಲಿ ಮನವರಿಕೆ ಮಾಡಲು ಏನೂ ಇರುವುದಿಲ್ಲ. ಕೈಯಲ್ಲಿ ಹಿಡಿದು ಹೋಗುವ ನಿಮ್ಮದೇ ಕ್ಯಾಮೆರಾಕ್ಕೆ ಕಸ್ಟಮ್ಸಿನವರು ಪ್ರಯಾಣಿಕರ ಹೆಸರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಕೊಡುತ್ತಾರೆ, ವಸ್ತುವನ್ನು ಕಣ್ಣಾರೆ ನೋಡಿ ನಂಬರು ಬರೆದುಕೊಂಡು. ಕಂಪನಿ ಹೆಸರಿನ, ರೆಂಟಲ್‌ನ, ಪೆಟ್ಟಿಗೆಗಟ್ಟಲೆ ಸಾಮಾನಿಗೆ ಏಜೆಂಟರ ಮೂಲಕ ಬಿಲ್ ಆಫ್ ಎಕ್ಸ್‌ಪೋರ್ಟ್ ಹಾಕಿಸುವುದು ಸರಿಯಾದ ದಾರಿ. ವಿಮಾನ, ಹಡಗಿನಲ್ಲಾದರೆ ಶಿಪ್ಪಿಂಗ್ ಬಿಲ್, ರಸ್ತೆಯಲ್ಲಾದರೆ ಈ ಹೆಸರು. ಅದರಲ್ಲಿ 'ಚಿತ್ರೀಕರಣಕ್ಕಾಗಿ ತಾತ್ಕಾಲಿಕ, ವಾಪಸ್ ಬರಲಿದೆ' ಎಂಬ ಸಾಲು ಇರಲೇಬೇಕು.

ಏನೇನು ಒಯ್ಯಬೇಕು ಎಂಬುದಕ್ಕೂ ಈ ಪಟ್ಟಿಯೇ ಉತ್ತರ. ಕಾಠ್ಮಂಡುವಿನಲ್ಲಿ ಸ್ವಂತ ಚಿತ್ರೋದ್ಯಮ ಇದೆ, ಲೈಟು, ಸ್ಟ್ಯಾಂಡು, ಟ್ರ್ಯಾಕು, ಜನರೇಟರು ಎಲ್ಲ ಬಾಡಿಗೆಗೆ ಸಿಗುತ್ತವೆ. ಬೆಂಗಳೂರಿನಿಂದ ಕ್ಯಾಮೆರಾ, ಲೆನ್ಸು, ಸೌಂಡ್ ಇಷ್ಟೇ ಒಯ್ದರೆ ಪಟ್ಟಿ ಇಪ್ಪತ್ತೈದು ಸಾಲಿನೊಳಗೆ ಮುಗಿಯುತ್ತದೆ. ಲೈಟು ನಿಲ್ಲಿಸುವ ಸಿ-ಸ್ಟ್ಯಾಂಡನ್ನು ಗಡಿ ದಾಟಿಸುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ.

ಡ್ರೋನಂತೂ ಬೇಡವೇ ಬೇಡ. ಭಾರತಕ್ಕೆ ಹೊರಗಿನಿಂದ ಡ್ರೋನ್ ತರುವುದನ್ನು 2022ರ ಫೆಬ್ರವರಿಯಲ್ಲೇ ನಿಷೇಧಿಸಲಾಗಿದೆ. ನಿಮ್ಮದೇ ಡ್ರೋನು ಎಂದು ವಾಪಸ್ ಬರುವಾಗ ವಾದಿಸುವುದಕ್ಕಿಂತ ಅದನ್ನು ಮನೆಯಲ್ಲೇ ಬಿಡುವುದು ವಾಸಿ. ಆಚೆ ಹಾರಿಸಲು ನೇಪಾಳದ ನಾಗರಿಕ ವಿಮಾನಯಾನ ಪ್ರಾಧಿಕಾರ ಮತ್ತು ಗೃಹ ಇಲಾಖೆಯ ಅನುಮತಿ ಬೇಕು, ರಾಷ್ಟ್ರೀಯ ಉದ್ಯಾನಗಳಲ್ಲಿ ಅದಕ್ಕೆ ಬೇರೆ ಅನುಮತಿ. ಅನುಮತಿ ಸಮೇತ ಆಪರೇಟರನ್ನೇ ಅಲ್ಲಿ ಗೊತ್ತುಮಾಡಿಕೊಳ್ಳಿ.

ಕಾಠ್ಮಂಡುವಿನ ಕಾಗದ

ನೇಪಾಳದಲ್ಲಿ ಚಲನಚಿತ್ರ ಕಾಯ್ದೆ 1969ರಿಂದಲೇ ಇದೆ, ಅವರ ಲೆಕ್ಕದಲ್ಲಿ ಅದು ವಿಕ್ರಮ ಶಕೆ 2026ರ ಕಾಯ್ದೆ. ಹೊರದೇಶದವರು ಅಲ್ಲಿ ಚಿತ್ರ ತೆಗೆಯಲು ಸರ್ಕಾರದ ಅನುಮತಿ ಪಡೆಯಬೇಕು. ಭಾರತೀಯರಿಗೆ ವೀಸಾ ಬೇಡ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಸಿನಿಮಾದ ವಿಷಯದಲ್ಲಿ ನಾವೂ ವಿದೇಶಿಯರೇ. ಸಂವಹನ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ, ಚಲನಚಿತ್ರ ವಿಕಾಸ ಬೋರ್ಡ್ ಈ ಎರಡು ಕಡೆ ಓಡಾಟ. ಆ ಓಡಾಟವನ್ನು ಮಾಡುವವರು ಅಲ್ಲಿನ ನೋಂದಾಯಿತ ನಿರ್ಮಾಣ ಸಂಸ್ಥೆಯವರು, ಅಂದರೆ ನಿಮ್ಮ ಲೈನ್ ಪ್ರೊಡ್ಯೂಸರು. ಬೆಂಗಳೂರಿನಲ್ಲಿ ಕುಳಿತು ಇ-ಮೇಲ್ ಹಾಕಿ ಮುಗಿಸುವ ಕೆಲಸ ಇದಲ್ಲ.

ಅವರು ನಿಮ್ಮಿಂದ ಕೇಳುವುದು ಕಥಾಸಾರ, ಚಿತ್ರಕಥೆ, ದಿನವಾರು ಲೊಕೇಶನ್ ಪಟ್ಟಿ, ತಂಡದ ಎಲ್ಲರ ಗುರುತಿನ ದಾಖಲೆ, ಮತ್ತೆ ಅದೇ ಉಪಕರಣಗಳ ಪಟ್ಟಿ. ಲೊಕೇಶನ್ ಪಟ್ಟಿಯಲ್ಲಿ ಜಿಪುಣತನ ಮಾಡಬೇಡಿ. 'ಪೋಖರಾ ಮತ್ತು ಸುತ್ತಮುತ್ತ' ಎಂದು ಬರೆದರೆ ಪಕ್ಕದ ಜಿಲ್ಲೆಯ ಪೊಲೀಸರು 'ನಮ್ಮ ಜಿಲ್ಲೆ ಇದರಲ್ಲಿಲ್ಲ' ಎನ್ನುತ್ತಾರೆ. ತನಹುಂ, ಸ್ಯಾಂಗ್ಜಾ, ಕಾಸ್ಕಿ ಎಂದು ಜಿಲ್ಲೆಗಳ ಹೆಸರು ಹಾಕಿ. ಹೋಗಬಹುದು ಎನಿಸಿದ ಜಾಗಗಳನ್ನೂ ಈಗಲೇ ಸೇರಿಸಿ. ತಂಡದ ಜೊತೆ ಸರ್ಕಾರದ ಕಡೆಯಿಂದ ಸಂಪರ್ಕಾಧಿಕಾರಿಯೊಬ್ಬರು ಬರುವುದಿದ್ದರೆ ಅವರ ಊಟ, ವಸತಿ, ಬಾಟಾ ನಿಮ್ಮ ಲೆಕ್ಕ, ಗಾಡಿಯಲ್ಲಿ ಒಂದು ಸೀಟೂ ಬೇಕು. ಏಳು ಜನರ ಗಾಡಿಗೆ ಎಂಟನೆಯವರು ಬರುವುದು ಬಜೆಟ್ಟಿನಲ್ಲಿ ಸಣ್ಣ ಬದಲಾವಣೆ ಅಲ್ಲ.

ಮುಖ್ಯ ಅನುಮತಿ ಸಿಕ್ಕ ಮಾತ್ರಕ್ಕೆ ಎಲ್ಲ ಬಾಗಿಲು ತೆರೆಯುವುದಿಲ್ಲ. ಪಾಟನ್, ಭಕ್ತಪುರದಂಥ ಸ್ಮಾರಕಗಳಿಗೆ ಪುರಾತತ್ವ ಇಲಾಖೆ, ನಗರಸಭೆ. ಪಶುಪತಿ ಆವರಣಕ್ಕೆ ಪಶುಪತಿ ಕ್ಷೇತ್ರ ವಿಕಾಸ ಕೋಶ. ಅನ್ನಪೂರ್ಣ ಪ್ರದೇಶಕ್ಕೆ ಸಂರಕ್ಷಣಾ ಪ್ರದೇಶದವರು. ಪಶುಪತಿನಾಥನ ಮುಖ್ಯ ಗುಡಿಯೊಳಗೆ ಕ್ಯಾಮೆರಾ ಬಿಡುವುದೇ ಇಲ್ಲ, ಅದನ್ನು ಚಿತ್ರಕಥೆಯಲ್ಲೇ ತೆಗೆದುಬಿಡಿ. ಉದ್ಯಾನ ಮತ್ತು ಸ್ಮಾರಕಗಳ ಪ್ರವೇಶದಲ್ಲಿ ಸಾರ್ಕ್ ದೇಶದವರಿಗೆ ಬೇರೆ, ಕಡಿಮೆ ದರ ಇರುವ ಕಡೆ ಬಹಳ. ಕೇಳಿದರಷ್ಟೇ ಸಿಗುತ್ತದೆ.

ತಾರೀಕಿನ ವಿಷಯದಲ್ಲಿ ಎಚ್ಚರ. ಅವರ ಕಾಗದವೆಲ್ಲ ವಿಕ್ರಮ ಶಕೆಯಲ್ಲಿ, ದೇವನಾಗರಿ ಅಂಕಿಯಲ್ಲಿ. ಇಸವಿಗಿಂತ ಸುಮಾರು 56 ವರ್ಷ 8 ತಿಂಗಳು ಮುಂದೆ. ತಿಂಗಳ ಹೆಸರುಗಳು ನಮಗೆ ಪರಿಚಿತವೇ – ಬೈಸಾಖ, ಸಾವನ, ಕಾರ್ತಿಕ – ಅಲ್ಲೇ ಎಡವುವುದು. ನಮ್ಮ ಪಂಚಾಂಗದ ಕಾರ್ತಿಕ ದೀಪಾವಳಿ ಅಮಾವಾಸ್ಯೆಯ ಮಾರನೆಯ ದಿನ ಶುರುವಾಗುತ್ತದೆ. ಅವರದು ಸೌರಮಾನ, ಸಂಕ್ರಮಣದಿಂದ ಎಣಿಕೆ, ಅಕ್ಟೋಬರ್ ನಡುವಿನಲ್ಲೇ ಕಾರ್ತಿಕ ಬಂದಿರುತ್ತದೆ. ತುಳುನಾಡಿನವರಿಗೆ ಈ ಲೆಕ್ಕ ಬೇಗ ಹಿಡಿಸುತ್ತದೆ. ಅನುಮತಿಯ ಮೊದಲ ದಿನ ಮತ್ತು ಕೊನೆಯ ದಿನವನ್ನು ಇಂಗ್ಲಿಷ್ ತಾರೀಕಿಗೆ ಬದಲಿಸಿ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಕೊನೆಯ ದಿನ ಪ್ಯಾಕಪ್ ಆಗುವ ದಿನ ಆಗಿರದೆ, ಗಡಿ ದಾಟುವ ದಿನಕ್ಕೂ ಎರಡು ಮೂರು ದಿನ ಆಚೆ ಇರುವಂತೆ ಕೇಳಿ.

ಶನಿವಾರ ಕಚೇರಿಗಳಿಗೆ ರಜೆ, ಶುಕ್ರವಾರ ಮಧ್ಯಾಹ್ನ ಬೇಗ ಮುಚ್ಚುವ ರೂಢಿ. ದಸೈಂ ಮತ್ತು ತಿಹಾರ್, ಅಂದರೆ ನಮ್ಮ ದಸರಾ ಮತ್ತು ದೀಪಾವಳಿಯ ದಿನಗಳಲ್ಲಿ ಯಾವ ಫೈಲೂ ಅಲ್ಲಾಡುವುದಿಲ್ಲ. ಕಷ್ಟವೇನೆಂದರೆ ಮಳೆ ನಿಂತು, ಹಿಮಾಲಯ ಸ್ಪಷ್ಟವಾಗಿ ಕಾಣುವುದು ಶುರುವಾಗುವುದೂ ಆಗಲೇ. ಕಾಗದದ ಕೆಲಸ ಭಾದ್ರಪದದೊಳಗೆ ಮುಗಿದಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವ ಯೋಚನೆ ಬಿಡಿ: ನಾರಾಯಣಗಢ–ಮುಗ್ಲಿಂಗ್ ದಾರಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಪ್ರತಿ ಮಳೆಗಾಲದ ಮಾತು, 2024ರ ಜುಲೈಯಲ್ಲಿ ಎರಡು ಬಸ್ಸುಗಳೇ ಅಲ್ಲಿ ತ್ರಿಶೂಲಿಗೆ ಕೊಚ್ಚಿಹೋದವು.

ಅನುಮತಿ ಇಲ್ಲದೆ ಪ್ರವಾಸಿಗಳ ಹಾಗೆ ಹೋಗಿ ತೆಗೆದುಕೊಂಡು ಬಂದರೇನು ಎಂದು ಎಲ್ಲರೂ ಕೇಳುತ್ತಾರೆ. ಸಣ್ಣ ಕ್ಯಾಮೆರಾ, ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗದೆಯೂ ಇರಬಹುದು. ಆದರೆ ನಟರು, ಬೂಮು (ಕೋಲಿಗೆ ಕಟ್ಟಿದ ಮೈಕು), ರಿಫ್ಲೆಕ್ಟರು ಬಂದ ಕೂಡಲೇ ಅದು ಪ್ರವಾಸವಾಗಿ ಉಳಿಯುವುದಿಲ್ಲ. ಇನ್ನೂ ಮುಖ್ಯ, ಓಟಿಟಿಗೆ ಚಿತ್ರ ಮಾರುವಾಗ ಅವರ ವಕೀಲರು ಲೊಕೇಶನ್ ಅನುಮತಿಗಳನ್ನು ಕೇಳುತ್ತಾರೆ, ಆಗ ಹಿಂದಿನ ತಾರೀಕಿಗೆ ನೇಪಾಳ ಸರ್ಕಾರದ ಪತ್ರ ಹುಟ್ಟಿಸಲು ಆಗುವುದಿಲ್ಲ.

ಗೇಟಿನಲ್ಲಿ

ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಸೋನೌಲಿಯಲ್ಲಿರಿ. ರಾತ್ರಿ ಗೋರಖಪುರದಲ್ಲಿ ಉಳಿದರೆ ನಸುಕಿನಲ್ಲೇ ಹೊರಡಬೇಕು. ಮೊದಲು ನಮ್ಮ ಕಸ್ಟಮ್ಸ್, ಮುದ್ರೆ ಬಿದ್ದ ಪ್ರತಿ ಕೈಗೆ ಬರುವವರೆಗೆ ಮುಂದಕ್ಕೆ ಹೋಗಬೇಡಿ. ಈಚೆ ಗಡಿ ಕಾಯುವ ಸಶಸ್ತ್ರ ಸೀಮಾ ಬಲದವರು ಚೀಲ ನೋಡುತ್ತಾರೆ, ಅವರ ಕೈಗೂ ಒಂದು ನಕಲು ಕೊಡಿ. ಆಚೆ ಭೈರಹವಾ ಭನ್ಸಾರ್, ಅಂದರೆ ನೇಪಾಳದ ಕಸ್ಟಮ್ಸ್. ಅಲ್ಲಿ ಸಚಿವಾಲಯದ ಶಿಫಾರಸು ಪತ್ರ ತೋರಿಸಿ, ಪಟ್ಟಿ ಒಪ್ಪಿಸಿ, ವಾಪಸ್ ಒಯ್ಯುತ್ತೇವೆ ಎಂಬುದಕ್ಕೆ ಧರೌಟಿ ಅಥವಾ ಬ್ಯಾಂಕ್ ಗ್ಯಾರಂಟಿ ಇಡಬೇಕು. ಧರೌಟಿ ಎಂದರೆ ಠೇವಣಿ. ಎಷ್ಟು ಎನ್ನುವುದು ವಸ್ತುವಿನ ಸುಂಕದ ದರದ ಮೇಲೆ ಹೋಗುತ್ತದೆ. ಅವರ ಬಜೆಟ್ ವರ್ಷ ಜುಲೈ ನಡುವಿನಲ್ಲಿ ಶುರುವಾಗುವುದರಿಂದ ಹಳೇ ದರ ನಂಬಿಕೊಂಡು ಹೋಗಬೇಡಿ. ನಿಮ್ಮ ಲೈನ್ ಪ್ರೊಡ್ಯೂಸರ ಕಡೆಯವರು ಹಿಂದಿನ ದಿನವೇ ಭೈರಹವಾಕ್ಕೆ ಬಂದು ಅಲ್ಲಿನ ಏಜೆಂಟರ ಹತ್ತಿರ ಮಾತಾಡಿಟ್ಟಿರಬೇಕು. ಇದಕ್ಕೆ ಒಂದು ಇಡೀ ದಿನ ಇಟ್ಟುಕೊಳ್ಳಿ. ಮಧ್ಯಾಹ್ನಕ್ಕೇ ಮುಗಿದರೆ ಲುಂಬಿನಿ ಹತ್ತಿರದಲ್ಲೇ ಇದೆ, ಸಂಜೆಯ ಬೆಳಕಿಗೆ ರೆಕ್ಕಿ, ಅಂದರೆ ಜಾಗ ನೋಡಿಬರುವ ಕೆಲಸ ಮಾಡಬಹುದು.

ಗೇಟಿನಲ್ಲಿ ಯಾರೂ ಕ್ಯಾಮೆರಾ ಹೊರಗೆ ತೆಗೆಯಬಾರದು, ಮೊಬೈಲಿನಲ್ಲೂ ಬೇಡ. ಎರಡೂ ದೇಶಗಳ ನಡುವಿನ ಗಡಿ ಕಂಬಗಳ ಸಾಲಿನ ಖಾಲಿ ಜಾಗಕ್ಕೆ ಅಲ್ಲಿಯವರು ದಶಗಜಾ ಎನ್ನುತ್ತಾರೆ. ಅಲ್ಲಿ ಚಿತ್ರೀಕರಿಸಲು ಎರಡೂ ಸರ್ಕಾರಗಳ ಭದ್ರತಾ ಇಲಾಖೆಗಳನ್ನು ಕೇಳಬೇಕು. ಕಥೆಗೆ ಗಡಿ ದಾಟುವ ದೃಶ್ಯ ಬೇಕೇ ಬೇಕಿದ್ದರೆ ಬೇರೆ ಕಡೆ ಒಂದು ಗೇಟು ಕಟ್ಟುವುದು ಅಗ್ಗ. ಈಚೆ ಬದಿಯ ಸೋನೌಲಿ ಪೇಟೆ ಮಹಾರಾಜಗಂಜ್ ಜಿಲ್ಲೆಗೆ ಸೇರಿದ್ದು. ಅಲ್ಲಿನ ಬೀದಿ ದೃಶ್ಯಕ್ಕೆ ಉತ್ತರಪ್ರದೇಶ ಸರ್ಕಾರದ ಚಿತ್ರ ಸಂಸ್ಥೆ ಫಿಲ್ಮ್ ಬಂಧು ಮೂಲಕ ಅರ್ಜಿ ಹಾಕಬಹುದು.

ಕರ್ನಾಟಕದ ನಂಬರಿನ ಗಾಡಿಯನ್ನೇ ಒಯ್ಯುವವರು ಗಾಡಿಗೂ ಭನ್ಸಾರ್ ಮಾಡಿಸಬೇಕು. ದಿನದ ಲೆಕ್ಕದಲ್ಲಿ ಶುಲ್ಕ, ಬರೆಸಿದ್ದಕ್ಕಿಂತ ಒಂದು ದಿನ ಹೆಚ್ಚಾದರೂ ದಂಡ. ಆದರೆ ಬೆಟ್ಟದ ರಸ್ತೆ ಗೊತ್ತಿರುವ ಡ್ರೈವರು, ಅಲ್ಲಿನದೇ ಗಾಡಿ ಇದ್ದರೆ ಅರ್ಧ ತಲೆನೋವು ಕಡಿಮೆ. ಬಾಡಿಗೆ ಗಾಡಿಯ ನಂಬರ್ ಪ್ಲೇಟಿನ ಬಣ್ಣ ನೋಡಿ: ಹಸಿರು ಪ್ರವಾಸಿ ಗಾಡಿ, ಕಪ್ಪು ಸಾರ್ವಜನಿಕ ಬಾಡಿಗೆಯದು, ಕೆಂಪು ಸ್ವಂತದ್ದು. ಕೆಂಪು ಪ್ಲೇಟಿನ ಗಾಡಿ ಅಗ್ಗಕ್ಕೆ ಸಿಗುತ್ತದೆ, ದಾರಿಯಲ್ಲಿ ಪೊಲೀಸರು ನಿಲ್ಲಿಸಿದಾಗ ಶೂಟಿಂಗ್ ಸಾಮಾನು ಸಮೇತ ನಿಲ್ಲುತ್ತದೆ.

ಜನರ ಗುರುತಿಗೆ ಪಾಸ್‌ಪೋರ್ಟು ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇಟ್ಟುಕೊಳ್ಳಿ. ವಿಮಾನದಲ್ಲಿ ಹೋಗುವವರಿಗಂತೂ ಇವೆರಡರಲ್ಲಿ ಒಂದು ಇರಲೇಬೇಕು. ಆಧಾರ್ ಕಾರ್ಡ್ ತೋರಿಸಿ ಕೌಂಟರಿನಲ್ಲಿ ವಾಪಸಾದ ಲೈಟ್‌ಬಾಯ್‌ಗಳಿಗೆ ಲೆಕ್ಕವಿಲ್ಲ. ತಂಡದಲ್ಲಿ ಅಮೆರಿಕದ ಅಥವಾ ಬ್ರಿಟನ್ನಿನ ಪಾಸ್‌ಪೋರ್ಟಿನ ಕನ್ನಡಿಗರಿದ್ದರೆ ಅವರ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡು ನೇಪಾಳದಲ್ಲಿ ನಡೆಯುವುದಿಲ್ಲ. ಅವರು ಇಮಿಗ್ರೇಶನ್ ಕಚೇರಿ ಇರುವ ಗೇಟಿನಲ್ಲೇ ದಾಟಬೇಕು, ಈಚೆಯ ನಿರ್ಗಮನದ ಮುದ್ರೆ ಹಾಕಿಸಿಕೊಂಡು, ಆಚೆ ವೀಸಾ ಪಡೆಯಬೇಕು: ಪ್ರವಾಸಿ ವೀಸಾ 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50. ಜನಜಂಗುಳಿಯಲ್ಲಿ ಮುದ್ರೆ ಹಾಕಿಸದೆ ನಡೆದುಬಿಡುವುದು ಸೋನೌಲಿಯಲ್ಲಿ ಬಲು ಸುಲಭ, ಆಮೇಲೆ ಬಿಡಿಸಿಕೊಳ್ಳುವುದು ಅಷ್ಟೇ ಕಷ್ಟ. ಸಿನಿಮಾ ಕೆಲಸಕ್ಕೆ ಪ್ರವಾಸಿ ವೀಸಾ ಸಾಕೇ ಎಂಬುದನ್ನು ಲೈನ್ ಪ್ರೊಡ್ಯೂಸರ ಮೂಲಕ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ವಿಮಾನದಲ್ಲಿ ಹೋಗುವವರಿಗೆ ಇರುವ ಹೆಚ್ಚಿನ ತೊಡಕು ಬ್ಯಾಟರಿ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. 100 ವಾಟ್-ಅವರ್‌ವರೆಗೆ ತಕರಾರಿಲ್ಲ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ತಲೆಗೆ ಎರಡೇ. 160 ಮೀರಿದ್ದು ಹತ್ತುವಂತಿಲ್ಲ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಲೆಕ್ಕ ಬರುತ್ತದೆ: 14.4 ವೋಲ್ಟಿನ 6.8 ಆಂಪಿಯರ್-ಅವರ್ ವಿ-ಮೌಂಟ್ (ಕ್ಯಾಮೆರಾದ ದೊಡ್ಡ ಬ್ಯಾಟರಿ) 97.9, ಸಲೀಸು. ಅದೇ ವೋಲ್ಟಿನ 10.4ರದ್ದು 150 ಹತ್ತಿರ ಬಂತು. ಮುದ್ರಣ ಅಳಿಸಿಹೋದ ಹಳೇ ಬ್ಯಾಟರಿಗಳನ್ನು ಭದ್ರತಾ ತಪಾಸಣೆಯಲ್ಲಿ ಬಿಡುವುದಿಲ್ಲ, ರೆಂಟಲ್‌ನವರಿಂದ ಅಕ್ಷರ ಓದಲು ಬರುವಂಥದ್ದನ್ನೇ ಆರಿಸಿಕೊಳ್ಳಿ. ತುದಿಗಳಿಗೆ ಟೇಪು ಹಚ್ಚಿ. ವಾಕಿಟಾಕಿಗಳಿಗೆ ಎರಡೂ ದೇಶದಲ್ಲಿ ಪ್ರತ್ಯೇಕ ಅನುಮತಿಯ ಗೋಜು, ಏಳು ಜನಕ್ಕೆ ಮೊಬೈಲು ಸಾಕು.

ದುಡ್ಡು

ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ. 1993ರಿಂದ ಈ ದರ ಅಲುಗಾಡಿಲ್ಲ. ಗಡಿ ಪೇಟೆಯಲ್ಲಿ ಬೆಲೆ ಹೇಳಿದವರನ್ನು 'ಐಸಿ, ಎನ್‌ಸಿ?' ಎಂದು ಕೇಳಿ, ಅಂದರೆ ಇಂಡಿಯಾ ದುಡ್ಡೋ ನೇಪಾಳದ್ದೋ ಎಂದು. ಕೇಳದೆ ಒಪ್ಪಿದ 8,000ದ ಗಾಡಿ ಬಾಡಿಗೆ ಐಸಿಯಾದರೆ 12,800 ಎನ್‌ಸಿ. ಲೈನ್ ಪ್ರೊಡ್ಯೂಸರ ಕೊಟೇಶನ್ನಿನ ಪ್ರತಿ ಸಾಲಿನಲ್ಲೂ ಯಾವ ದುಡ್ಡು ಎಂದು ಬರೆಸಿ. ನಗದಿಗೆ ನೂರರ ನೋಟು ಒಯ್ಯಿರಿ. ದೊಡ್ಡ ನೋಟುಗಳನ್ನು ನೇಪಾಳ 2018ರ ಡಿಸೆಂಬರಿನಲ್ಲಿ ನಿಷೇಧಿಸಿತ್ತು, ಈಗಲೂ ಎಲ್ಲ ಅಂಗಡಿಯವರೂ ಅದನ್ನು ಮುಟ್ಟುತ್ತಾರೆಂದು ಲೆಕ್ಕ ಹಾಕುವುದು ಬೇಡ. 2024ರಿಂದ ಫೋನ್‌ಪೇ ಎಂಬ ಅಲ್ಲಿನ ಜಾಲದ ಕ್ಯೂಆರ್‌ಗೆ ನಮ್ಮ ಯುಪಿಐ ಹಾಕಬಹುದು. ಹೆಸರು ಕೇಳಿ ನಮ್ಮದೇ ಆ್ಯಪ್ ಅಂದುಕೊಳ್ಳಬೇಡಿ, ಅದು ನೇಪಾಳದ ಬೇರೆ ಕಂಪನಿ. ಊಟ, ಹೋಟೆಲಿಗೆ ಅನುಕೂಲ, ಯೂನಿಟ್ ಖರ್ಚಿಗೆ ಸಾಲದು.

ಬ್ಯಾಂಕಿಗೆ ಹೋಗಿ ಡಾಲರು ಅಥವಾ ಫಾರೆಕ್ಸ್ ಕಾರ್ಡು ಕೇಳಿದರೆ ಕೊಡುವುದಿಲ್ಲ. 2000ನೇ ಇಸವಿಯ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಚಾಲ್ತಿ ಖಾತೆ ನಿಯಮಗಳಲ್ಲಿ ನೇಪಾಳ, ಭೂತಾನ್ ಪ್ರವಾಸಕ್ಕೆ ವಿದೇಶಿ ವಿನಿಮಯ ತೆಗೆಯುವುದನ್ನೇ ನಿಷೇಧಿಸಿದೆ, ವ್ಯವಹಾರವೆಲ್ಲ ಭಾರತೀಯ ರೂಪಾಯಿಯಲ್ಲಿ. ಆದ್ದರಿಂದ ಲೈನ್ ಪ್ರೊಡ್ಯೂಸರ ಕಂಪನಿ ಖಾತೆಗೆ ಬ್ಯಾಂಕಿನ ಮೂಲಕ ರೂಪಾಯಿಯಲ್ಲೇ ಕಂತು ಕಳಿಸಿ, ಅನುಮತಿ ಶುಲ್ಕ, ಧರೌಟಿ, ಗಾಡಿ, ಹೋಟೆಲು ಎಲ್ಲ ಅವರ ಕೈಯಿಂದ ಹೋಗುವ ಹಾಗೆ ಒಪ್ಪಂದ ಮಾಡಿಕೊಳ್ಳಿ. ಹೊರದೇಶದ ಸಂಸ್ಥೆಗೆ ದುಡ್ಡು ಕೊಡುವಾಗ ಟಿಡಿಎಸ್ ಪ್ರಶ್ನೆ ಏಳುತ್ತದೆ, ಮೊದಲ ಕಂತಿಗೆ ಮುಂಚೆಯೇ ಸಿಎ ಹತ್ತಿರ ಕೂತು ಮಾತಾಡಬೇಕು. ಧರೌಟಿ ಯಾರ ಹೆಸರಿನಲ್ಲಿ ಕಟ್ಟಿದ್ದಾರೋ ಅವರಿಗೇ ವಾಪಸ್ ಬರುವುದು, ಅದನ್ನೂ ಒಪ್ಪಂದದಲ್ಲಿ ಬರೆಯಿರಿ.

ಸೆಟ್ಟಿನಲ್ಲಿ ತಿಳಿದಿರಬೇಕಾದ್ದು

ಕರೆಂಟು ನಮ್ಮ ಹಾಗೆಯೇ 230 ವೋಲ್ಟ್, 50 ಹರ್ಟ್ಜ್, ಪ್ಲಗ್ಗೂ ಹೆಚ್ಚುಕಡಿಮೆ ಅದೇ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆಯುವವರು ಟ್ಯೂಬ್‌ಲೈಟ್ ಮಿನುಗದಂತೆ ಶಟರ್ 172.8 ಡಿಗ್ರಿ ಇಟ್ಟುಕೊಳ್ಳಿ, 25ರಲ್ಲಾದರೆ 180 ಸಾಕು.

ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ತಮಾಷೆಯಾಗಿ ಕಾಣುತ್ತದೆ, ಆದರೆ ಗಡಿಯ ಹತ್ತಿರ ಮೊಬೈಲುಗಳು ಒಂದು ಟವರಿನಿಂದ ಇನ್ನೊಂದಕ್ಕೆ ಹಾರುತ್ತ ಹೊತ್ತು ಬದಲಿಸುತ್ತಿರುತ್ತವೆ, ಒಬ್ಬರಿಗೆ ಆರು ಗಂಟೆ, ಇನ್ನೊಬ್ಬರಿಗೆ ಆರೂಕಾಲು. ಕಾಲ್ ಶೀಟಿನಲ್ಲಿ 'ನೇಪಾಳ ಸಮಯ' ಎಂದು ದಪ್ಪಕ್ಷರದಲ್ಲಿ ಹಾಕಿ. ಹೊತ್ತನ್ನೇ ಟೈಮ್‌ಕೋಡ್ ಆಗಿ, ಅಂದರೆ ಚಿತ್ರ ಮತ್ತು ಧ್ವನಿ ಹೊಂದಿಸುವ ಗುರುತಾಗಿ ಬಳಸುವವರು ಕ್ಯಾಮೆರಾ ಮತ್ತು ರೆಕಾರ್ಡರ್ ಎರಡನ್ನೂ ಒಂದೇ ಸಲ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಎಡಿಟಿಂಗ್ ಟೇಬಲ್ಲಿನಲ್ಲಿ ಎಲ್ಲ ಶಾಟೂ ಕಾಲು ಗಂಟೆ ಆಚೀಚೆ.

ಜೊಮ್‌ಸೊಮ್ ಕಡೆ, ಸುಮಾರು 2,700 ಮೀಟರ್ ಎತ್ತರದಲ್ಲಿ, ಕಾಳಿಗಂಡಕಿ ಕಣಿವೆಯ ಗಾಳಿ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಎದ್ದರೆ ಸಂಜೆವರೆಗೆ ನಿಲ್ಲುವುದಿಲ್ಲ. ಪೋಖರಾದಿಂದ ಅಲ್ಲಿಗೆ ವಿಮಾನಗಳು ಬೆಳಗಿನಲ್ಲಷ್ಟೇ ಹಾರುವುದು ಇದೇ ಕಾರಣಕ್ಕೆ. ಮಾತಿನ ದೃಶ್ಯಗಳನ್ನು ಬೆಳಗಿನ ಹತ್ತರೊಳಗೆ ಮುಗಿಸಿ, ಮಧ್ಯಾಹ್ನಕ್ಕೆ ಒಳಾಂಗಣ ಅಥವಾ ಮಾತಿಲ್ಲದ ಶಾಟು ಇಟ್ಟುಕೊಳ್ಳಿ. ಬೂಮಿಗೆ ಬ್ಲಿಂಪು (ಗಾಳಿ ತಡೆಯುವ ಗೂಡು), ರೋಮದ ಹೊದಿಕೆ ಎರಡೂ ಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಬಿಡಿ ಬ್ಯಾಟರಿ ಜಾಕೆಟ್ಟಿನೊಳಗಿರಲಿ.

ಡಾಟಾ ಲೆಕ್ಕ ಮನೆಯಲ್ಲೇ ಮಾಡಿ. ಸೆಕೆಂಡಿಗೆ 400 ಮೆಗಾಬಿಟ್ ಎಂದರೆ 50 ಮೆಗಾಬೈಟ್, ಗಂಟೆಗೆ 180 ಜಿಬಿ. ದಿನಕ್ಕೆ ಎರಡು ಗಂಟೆ ಫುಟೇಜ್, ಹನ್ನೆರಡು ದಿನ – 4.3 ಟಿಬಿ. ಮೂರು ಪ್ರತಿಗೆ 13 ಟಿಬಿ ಹತ್ತಿರ. ಡ್ರೈವುಗಳೂ ಪಟ್ಟಿಯಲ್ಲಿ, ನಂಬರು ಸಮೇತ. ಕಡಿಮೆ ಬಿತ್ತೆಂದು ಕಾಠ್ಮಂಡುವಿನಲ್ಲಿ ಹೊಸ ಡ್ರೈವ್ ಕೊಂಡರೆ ಬಿಲ್ಲು ಇಟ್ಟುಕೊಳ್ಳಿ, ವಾಪಸ್ ಬರುವಾಗ ಅದು ಪಟ್ಟಿಯ ಹೊರಗಿನ ವಸ್ತು. ಪ್ರತಿ ರಾತ್ರಿ ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯೇ ಎಂಬ ತಾಳೆ) ಹಾಕಿಯೇ ನಕಲು ಮಾಡಿ, ಸಾಲದ್ದಕ್ಕೆ ಮೂರು ಪ್ರತಿ ಮೂರು ಜನರ ಹತ್ತಿರ, ಸಾಧ್ಯವಾದರೆ ಬೇರೆ ಬೇರೆ ಗಾಡಿಯಲ್ಲಿ ಗಡಿ ದಾಟಲಿ.

ವಾಪಸ್

ಪ್ಯಾಕಪ್ ಆದ ರಾತ್ರಿ ಎಲ್ಲರಿಗೂ ಮನೆ ನೆನಪು, ಪೆಟ್ಟಿಗೆಗಳನ್ನು ಹೇಗೆಂದರೆ ಹಾಗೆ ತುಂಬುತ್ತಾರೆ. ಅದನ್ನು ಬಿಡಬೇಡಿ. ಹೋಗುವಾಗ ಯಾವ ಪೆಟ್ಟಿಗೆಯಲ್ಲಿ ಏನಿತ್ತೋ ಅದೇ ಪೆಟ್ಟಿಗೆಗೆ ಅದೇ ಹೋಗಬೇಕು, ಪಟ್ಟಿ ಹಿಡಿದು ಒಬ್ಬರು ಟಿಕ್ ಹಾಕಬೇಕು. ಏನಾದರೂ ಕಳೆದಿದ್ದರೆ ಅಥವಾ ನೀರಿಗೆ ಬಿದ್ದಿದ್ದರೆ ಆ ಊರಿನ ಪೊಲೀಸರ ಹತ್ತಿರ ದೂರು ಕೊಟ್ಟು ಪ್ರತಿ ತೆಗೆದುಕೊಂಡೇ ಗಡಿಗೆ ಬನ್ನಿ. ಇಲ್ಲದಿದ್ದರೆ ಅದನ್ನು ನೇಪಾಳದಲ್ಲಿ ಮಾರಿದ್ದೀರಿ ಎಂದೇ ಭನ್ಸಾರಿನ ಲೆಕ್ಕ, ಧರೌಟಿಯಲ್ಲಿ ಅಷ್ಟು ಕತ್ತರಿ. ಕೆಟ್ಟುಹೋದ ವಸ್ತುವನ್ನು ಅಲ್ಲೇ ಎಸೆಯಬೇಡಿ, ಒಡೆದ ಮಾನಿಟರನ್ನೂ ಹೊತ್ತು ತನ್ನಿ.

ಹೋದ ಗೇಟಿನಲ್ಲೇ ವಾಪಸ್ ಬರುವುದು ಉತ್ತಮ. ಸೋನೌಲಿಯಲ್ಲಿ ಹೋಗಿ ಕಾಠ್ಮಂಡುವಿನಿಂದ ವಿಮಾನದಲ್ಲಿ ಬರುವ ಯೋಚನೆಯಿದ್ದರೆ ಅದನ್ನು ಹೋಗುವ ದಿನವೇ ಭೈರಹವಾದಲ್ಲಿ ಹೇಳಿ ಕಾಗದದಲ್ಲಿ ಬರೆಸಬೇಕು, ಧರೌಟಿ ಇರುವುದು ಒಂದು ಕಚೇರಿಯಲ್ಲಿ, ಸಾಮಾನು ಹೊರಹೋಗುವುದು ಇನ್ನೊಂದರಲ್ಲಿ ಎಂದಾದರೆ ಠೇವಣಿ ಬಿಡುಗಡೆಗೆ ತಿಂಗಳುಗಟ್ಟಲೆ ಪತ್ರವ್ಯವಹಾರ. ಭೈರಹವಾದಲ್ಲಿ 'ಸಾಮಾನು ಹೊರಹೋಗಿದೆ' ಎಂಬ ಮುದ್ರೆ ಬಿದ್ದ ಪ್ರತಿಯನ್ನು ಲೈನ್ ಪ್ರೊಡ್ಯೂಸರ ಕಡೆಯವರ ಕೈಗೆ ಕೊಟ್ಟು, ನಕಲನ್ನು ನೀವಿಟ್ಟುಕೊಳ್ಳಿ. ಈಚೆ ಬಂದು ಸೋನೌಲಿಯ ಕಸ್ಟಮ್ಸಿನಲ್ಲಿ ಹೋಗುವಾಗಿನ ಮುದ್ರೆಯ ಮೂಲಪ್ರತಿಯನ್ನೇ ತೋರಿಸಿ, ಝೆರಾಕ್ಸ್ ನಡೆಯುವುದಿಲ್ಲ. ಅಲ್ಲಿ ಬಿದ್ದ ವಾಪಸಾತಿಯ ಮುದ್ರೆಯ ಒಂದು ಪ್ರತಿ ರೆಂಟಲ್‌ನವರಿಗೆ, ಒಂದು ಆಡಿಟರಿಗೆ, ಇನ್ನೊಂದು ಸಚಿವಾಲಯದ ಅನುಮತಿಯ ಜೊತೆ ಚಿತ್ರದ ಫೈಲಿಗೆ.